ಕಿಲ್ಟ್ ಮೊಣಕಾಲು ದಾಟುತ್ತಿದೆ

ಪ್ರಶ್ನೆ: ನಾವು ಗ್ಲಾಸ್ಗೋದಲ್ಲಿದ್ದೇವೆ. ಗೆಳೆಯನ ಮದುವೆಗೆಂದು ನಮ್ಮ ಯಜಮಾನರು ಹಳೆಯ ಉಣ್ಣೆ ಕಿಲ್ಟ್ (ಸ್ಕಾಟ್ಲೆಂಡಿನ ಗಂಡಸರು ಸೊಂಟಕ್ಕೆ ಸುತ್ತಿ ಉಡುವ ನೆರಿಗೆಯ ಲಂಗ) ಕೊಂಡಿದ್ದಾರೆ. ಮೊಣಕಾಲು ಪೂರ್ತಿ ಮುಚ್ಚುತ್ತದೆ, ಹಿಂದಿನ ನೆರಿಗೆ ಬಾಯಿ ಬಿಡುತ್ತದೆ. ಕೆಳಗಿನಿಂದ ಕತ್ತರಿಸಲೇ?

ಉತ್ತರ: ದಯವಿಟ್ಟು ಕತ್ತರಿ ಮುಟ್ಟಬೇಡಿ! ಒಳ್ಳೆಯ ಕಿಲ್ಟಿನ ಕೆಳತುದಿ ಮಗ್ಗದಲ್ಲಿ ನೇಯ್ದ ಅಂಚೇ, ಮಡಚಿ ಹೊಲಿದದ್ದಲ್ಲ. ಅದು ಹೋದರೆ ಮತ್ತೆ ಬರುವುದಿಲ್ಲ.

ಅವರು ಪ್ಯಾಂಟಿನ ಹಾಗೆ ಕೆಳಗೆ ಕಟ್ಟುತ್ತಿರಬೇಕು, ಅಲ್ವಾ? ಹೊಕ್ಕುಳ ಮಟ್ಟಕ್ಕೆ ಏರಿಸಿ. ಅಂಚು ಮಂಡಿಚಿಪ್ಪಿನ ನಡುವಿಗೆ ಬಂದರೆ ಸಾಕು. ಮುಂದೆ ಒಂದರ ಮೇಲೊಂದು ಬರುವ ಎರಡು ಪದರಗಳಲ್ಲಿ ಒಳಗಿನದು ಕೆಳಗೆ ಇಣುಕುತ್ತಿದ್ದರೆ ಎಡಗಡೆಯ ಪಟ್ಟಿ ಬಿಗಿ ಮಾಡಿ.

ನೆರಿಗೆ ಬಾಯಿ ಬಿಡುವುದು ಹೆಚ್ಚಾಗಿ ಪೃಷ್ಠದ ಹತ್ತಿರ ಬಿಗಿಯಾದಾಗ. ಬಕಲ್‌ಗಳನ್ನು ಸ್ವಲ್ಪ ಸರಿಸಿ ಹೊಲಿದು ನೋಡಿ. ಅಳತೆ ಸರಿಯಿದ್ದೂ ತೆರೆದುಕೊಂಡರೆ ಇಸ್ತ್ರಿ ಹೋಗಿದೆ ಎಂದರ್ಥ. ಬಿಳಿ ದಾರದಲ್ಲಿ ಪ್ರತಿ ನೆರಿಗೆಗೂ ಕೆಳಗಿನವರೆಗೆ ಕಚ್ಚಾ ಹೊಲಿಗೆ ಹಾಕಿ. ಒದ್ದೆ ಹತ್ತಿ ಬಟ್ಟೆ ಹಾಸಿ, ಇಸ್ತ್ರಿಪೆಟ್ಟಿಗೆಯನ್ನು ಎಳೆಯದೆ ಒತ್ತಿ ಎತ್ತಿ. ಪೂರ್ತಿ ಆರಿದ ಮೇಲೆಯೇ ದಾರ ಬಿಚ್ಚಿ. ಮೊದಲ ಸಲ ನಾನು ಅವಸರಪಟ್ಟು ಬಿಸಿಯಲ್ಲೇ ಬಿಚ್ಚಿದೆ, ಇಡೀ ಸಂಜೆಯ ಕೆಲಸ ಹಾಳಾಯಿತು.

ಇಷ್ಟಾದರೂ ಉದ್ದ ಜಾಸ್ತಿಯಿದ್ದರೆ, ಸೊಂಟದ ಪಟ್ಟಿ ಬಿಚ್ಚಿ ಮೇಲಿನಿಂದ ತಗ್ಗಿಸಬೇಕು. ಅದನ್ನು ಕಿಲ್ಟ್ ಹೊಲಿಯುವವರಿಗೇ ಕೊಡಿ.