ಬಂಡವಾಳಶಾಹಿ ವ್ಯವಸ್ಥೆಯಲ್ಲಿ ಕೆಲಸಗಾರರಿಗೆ ನ್ಯಾಯ ಸಿಗುತ್ತದೆಯೇ?

ನಿಮ್ಮ ಪ್ರಶ್ನೆಯ ಜೊತೆಗೆ ಗೆಳೆಯರೊಬ್ಬರ ಮಾತನ್ನೂ ಬರೆದಿದ್ದೀರಿ. "ಯಾರನ್ನೂ ಕೈಕಾಲು ಕಟ್ಟಿ ಕೆಲಸಕ್ಕೆ ತಂದು ಕೂರಿಸಿಲ್ಲ. ಸಂಬಳ ಒಪ್ಪಿಕೊಂಡೇ ಸೇರಿದ್ದಾರೆ. ಇಷ್ಟ ಇಲ್ಲದಿದ್ದರೆ ಬಿಟ್ಟು ಹೋಗಲಿ. ಇದರಲ್ಲಿ ಅನ್ಯಾಯ ಎಲ್ಲಿಂದ ಬಂತು?" ಅಂತ ಅವರು ಕೇಳಿದರಂತೆ. ನಿಮಗೆ ಉತ್ತರ ಹೊಳೆಯಲಿಲ್ಲವಂತೆ. ನನಗೂ ಬಹಳ ವರ್ಷ ಹೊಳೆದಿರಲಿಲ್ಲ.

ನನಗೆ ಅನ್ನಿಸಿದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಬಿಟ್ಟು ಹೋಗಲು ಆಗುವವರನ್ನು ಈ ವ್ಯವಸ್ಥೆ ಚೆನ್ನಾಗಿಯೇ ನೋಡಿಕೊಳ್ಳುತ್ತದೆ. ಆಗದವರನ್ನು ನೋಡಿಕೊಳ್ಳುವುದಿಲ್ಲ. ಮಾಲೀಕರು ಒಳ್ಳೆಯವರೋ ಕೆಟ್ಟವರೋ ಅನ್ನುವುದು ಇದರಲ್ಲಿ ಅಷ್ಟೇನೂ ಲೆಕ್ಕಕ್ಕೆ ಬರುವುದಿಲ್ಲ.

ನಾನು ಅರ್ಥಶಾಸ್ತ್ರ ಓದಿದವನಲ್ಲ. ಹನ್ನೊಂದು ವರ್ಷ ಒಂದು ಹೊಲಿಗೆ ಕಾರ್ಖಾನೆಯ ಆಫೀಸಿನಲ್ಲಿ ಕೂತು ಹಾಜರಿ, ಸಂಬಳದ ಲೆಕ್ಕ ನೋಡಿಕೊಂಡವನು. ಅಲ್ಲಿ ಗೇಟಿನ ಹತ್ತಿರ ಬೆರಳು ಒತ್ತುವ ಮೆಷಿನ್ ಇತ್ತು. ಬೆಳಗ್ಗೆ 8:46ಕ್ಕೆ ಬೆರಳು ಒತ್ತಿದರೂ ಲೆಕ್ಕಕ್ಕೆ ಬರುತ್ತಿದ್ದುದು 9:00. ಸಂಜೆ 6:14ಕ್ಕೆ ಒತ್ತಿದರೆ 6:00. ಬೆಳಗ್ಗೆ ಒಂದು ನಿಮಿಷ ತಡವಾಗಿ 9:01ಕ್ಕೆ ಒತ್ತಿದರೆ ಮಾತ್ರ 9:15. ಗಮನಿಸಿದಿರಾ? ಕಾಲು ಗಂಟೆಯ ಲೆಕ್ಕ ಯಾವಾಗಲೂ ಒಂದೇ ಕಡೆಗೆ ವಾಲುತ್ತಿತ್ತು.

ಒಂದು ದಿನ ಟೈಲರ್ ಅಕ್ಕ ಒಬ್ಬರು ಆಫೀಸಿಗೆ ಬಂದರು. "ಅಣ್ಣಾ, ನಾನು ದಿನಾ ಹತ್ತು ನಿಮಿಷ ಮುಂಚೆ ಬಂದು ಮೆಷಿನ್ ಒರೆಸಿ, ಬಾಬಿನ್‌ಗೆ ದಾರ ಸುತ್ತಿ ಇಟ್ಟುಕೊಳ್ಳುತ್ತೇನೆ. ಆ ಹತ್ತು ನಿಮಿಷ ಎಲ್ಲಿ ಹೋಗುತ್ತೆ?" ಅಂತ ಕೇಳಿದರು. "ಸಿಸ್ಟಮ್ ಹಾಗೇ ಇದೆ ಅಕ್ಕಾ" ಅಂದೆ. ಅವರು ಸುಮ್ನೆ ಹೋದರು. ಅವರು ಹೋದ ಮೇಲೆ ನಾನು ಲೆಕ್ಕ ಹಾಕಿದೆ. ತಲೆಗೆ ಹತ್ತು ನಿಮಿಷ ಅಂದರೆ ಮುನ್ನೂರು ಜನಕ್ಕೆ ಮೂರು ಸಾವಿರ ನಿಮಿಷ, ಅಂದರೆ ಐವತ್ತು ಗಂಟೆ. ಆರು ಜನರ ಪೂರ್ತಿ ದಿನದ ದುಡಿಮೆಗಿಂತ ಜಾಸ್ತಿ. ದಿನಾ, ಪುಕ್ಕಟೆಯಾಗಿ.

ನಮ್ಮ ಮಾಲೀಕರು ಕೆಟ್ಟ ಮನುಷ್ಯರಲ್ಲ. ಯಾರಿಗಾದರೂ ಹುಷಾರಿಲ್ಲದಿದ್ದರೆ ಬಡ್ಡಿ ಇಲ್ಲದೆ ಮುಂಗಡ ಕೊಡುತ್ತಿದ್ದರು. ಮೆಷಿನ್ ಕೂರಿಸಿದವನು ಹಾಕಿಟ್ಟು ಹೋದ ಸೆಟ್ಟಿಂಗ್ ಅದು. ಅದರಿಂದ ನಷ್ಟ ಆಗುತ್ತಿದ್ದವರಿಗೆ ಅದನ್ನು ಮುಟ್ಟುವ ಅಧಿಕಾರ ಇರಲಿಲ್ಲ, ಅಧಿಕಾರ ಇದ್ದವರಿಗೆ ನಷ್ಟ ಇರಲಿಲ್ಲ. ಎರಡು ವರ್ಷ ಆದ ಮೇಲೆ ಅದೇ ರಸ್ತೆಯಲ್ಲಿ ಇನ್ನೊಂದು ಕಾರ್ಖಾನೆ ಶುರುವಾಯಿತು. ಒಂದೇ ತಿಂಗಳಲ್ಲಿ ನಲವತ್ತು ಜನ ಅಲ್ಲಿಗೆ ಹೋದರು. ಆ ತಿಂಗಳೇ ನನಗೆ ಮೇಲಿಂದ ಹೇಳಿಕೆ ಬಂತು: ಹಾಜರಿಯನ್ನು ನಿಮಿಷದ ಲೆಕ್ಕಕ್ಕೆ ಬದಲಾಯಿಸಿ. ಮೌಸ್ ಹಿಡಿದು ಎರಡು ಸಲ ಒತ್ತುವ ಕೆಲಸ, ಅಷ್ಟೇ.

ಇದನ್ನು ಯಾರೋ 1776ರಲ್ಲೇ ಬರೆದಿಟ್ಟಿದ್ದಾರೆ ಅಂತ ನನಗೆ ಆಮೇಲೆ ಗೊತ್ತಾಯಿತು. ಬರೆದವನು ಕೆಂಪು ಬಾವುಟ ಹಿಡಿದವನೂ ಅಲ್ಲ. ಮುಕ್ತ ಮಾರುಕಟ್ಟೆಯ ಪರ ಇರುವವರು ಇವತ್ತಿಗೂ ತಲೆಯ ಮೇಲೆ ಹೊತ್ತುಕೊಳ್ಳುವ ಆಡಮ್ ಸ್ಮಿತ್. ಕೂಲಿಯ ವಿಚಾರದಲ್ಲಿ ಜಗಳ ಬಂದಾಗ ಯಾರು ಗೆಲ್ಲುತ್ತಾರೆ ಅನ್ನುವುದಕ್ಕೆ ಅವನು ಕೊಟ್ಟ ಕಾರಣ ಬಹಳ ಸರಳ. ಮಾಲೀಕನಿಗೆ ಒಬ್ಬ ಕೆಲಸಗಾರನೂ ಇಲ್ಲದಿದ್ದರೂ ಕೂಡಿಟ್ಟದ್ದರಲ್ಲಿ ಒಂದೆರಡು ವರ್ಷ ಬದುಕಬಲ್ಲ. ಕೆಲಸಗಾರರಲ್ಲಿ ಹೆಚ್ಚಿನವರಿಗೆ ಕೆಲಸ ಇಲ್ಲದೆ ಒಂದು ವಾರ ಕಳೆಯುವುದೂ ಕಷ್ಟ. ಕೊನೆಗೆ ನೋಡಿದರೆ ಇಬ್ಬರಿಗೂ ಇಬ್ಬರೂ ಬೇಕು, ಆದರೆ ಅವಸರ ಒಬ್ಬನಿಗೆ ಮಾತ್ರ. ಮಾಲೀಕರು ತಮ್ಮತಮ್ಮಲ್ಲೇ ಮಾತಾಡಿಕೊಂಡು ಕೂಲಿ ಏರದಂತೆ ನೋಡಿಕೊಳ್ಳುತ್ತಾರೆ, ಅದು ಸದ್ದಿಲ್ಲದೆ ನಡೆಯುವುದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ ಅಂತಲೂ ಬರೆದ.

ಕೆಲಸಗಾರರು ಹಾಗೆ ಒಟ್ಟಾದರೆ? ಬ್ರಿಟನ್‌ನಲ್ಲಿ 1799 ಮತ್ತು 1800ರ ಕಾನೂನುಗಳು ಅದನ್ನು ಅಪರಾಧ ಮಾಡಿದವು. 1824ರವರೆಗೆ ಅವು ಜಾರಿಯಲ್ಲಿದ್ದವು. ಅಂದರೆ 'ಮುಕ್ತ ಒಪ್ಪಂದ' ಅಂತ ನಾವು ಕರೆಯುವುದು ಶುರುವಿನಿಂದಲೂ ಅಷ್ಟೇನೂ ಮುಕ್ತವಾಗಿರಲಿಲ್ಲ. ಒಂದು ಕಡೆಯವರಿಗೆ ಒಗ್ಗಟ್ಟು ಸಲೀಸು, ಇನ್ನೊಂದು ಕಡೆಯವರಿಗೆ ಜೈಲು.

ನಿಮ್ಮ ಗೆಳೆಯರಿಗೆ 2013ರ ಏಪ್ರಿಲ್ 24ರ ವಿಷಯ ಹೇಳಿ. ಢಾಕಾ ಹತ್ತಿರದ ಸಾವರ್‌ನಲ್ಲಿ ರಾಣಾ ಪ್ಲಾಜಾ ಅನ್ನುವ ಎಂಟು ಮಹಡಿಯ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತರು. ಹೆಚ್ಚಿನವರು ಮೇಲಿನ ಮಹಡಿಗಳ ಬಟ್ಟೆ ಕಾರ್ಖಾನೆಗಳಲ್ಲಿ ಹೊಲಿಯುತ್ತಿದ್ದವರು. ಹಿಂದಿನ ದಿನವೇ ಗೋಡೆ, ಕಂಬಗಳಲ್ಲಿ ಬಿರುಕು ಬಿಟ್ಟಿತ್ತು. ಅದೇ ಕಟ್ಟಡದಲ್ಲಿದ್ದ ಬ್ಯಾಂಕ್ ತನ್ನ ಸಿಬ್ಬಂದಿಗೆ ಬರಬೇಡಿ ಅಂದಿತು. ಕೆಳಗಿನ ಅಂಗಡಿಗಳು ಬಾಗಿಲು ಹಾಕಿದವು. ಹೊಲಿಗೆಯವರನ್ನು ಮಾತ್ರ ಬನ್ನಿ ಅಂದರು. ಬರದಿದ್ದರೆ ಸಂಬಳ ಕೊಡುವುದಿಲ್ಲ ಅಂತ ಹೆದರಿಸಿದರು ಅಂತ ಬದುಕಿ ಉಳಿದವರು ಹೇಳಿದ್ದಾರೆ. ಅದೇ ಬಿರುಕು, ಅದೇ ಕಂಬ. ಅವರನ್ನೂ ಕೈಕಾಲು ಕಟ್ಟಿ ಒಳಗೆ ಕರೆದುಕೊಂಡು ಹೋಗಿರಲಿಲ್ಲ. ತಮ್ಮ ಕಾಲಲ್ಲೇ ನಡೆದುಕೊಂಡು ಮೆಟ್ಟಿಲು ಹತ್ತಿದರು. ಇದಕ್ಕೆ 'ಒಪ್ಪಿಗೆ' ಅನ್ನುವ ಪದ ಹೊಂದುತ್ತದೆಯೇ?

ಹಾಗಂತ ಈ ವ್ಯವಸ್ಥೆ ಪೂರ್ತಿ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಅದೇ ಬಿಟ್ಟು ಹೋಗುವ ಸ್ವಾತಂತ್ರ್ಯ ಕೈಗೆ ನಿಜವಾಗಿ ಸಿಕ್ಕಾಗ ಏನಾಗುತ್ತದೆ ನೋಡಿ. 1914ರ ಜನವರಿಯಲ್ಲಿ ಅಮೆರಿಕದ ಹೆನ್ರಿ ಫೋರ್ಡ್ ದಿನಕ್ಕೆ 5 ಡಾಲರ್ ಕೊಡುತ್ತೇನೆ ಅಂತ ಘೋಷಿಸಿದ. ಅಲ್ಲಿಯವರೆಗೆ ಕೊಡುತ್ತಿದ್ದುದು ಅದರ ಅರ್ಧದಷ್ಟು. ದುಡಿಮೆಯ ಅವಧಿಯನ್ನೂ 9ರಿಂದ 8 ಗಂಟೆಗೆ ಇಳಿಸಿದ. ದೊಡ್ಡ ಮನಸ್ಸು ಅಂತ ಈಗಲೂ ಹೊಗಳುತ್ತಾರೆ. ಆದರೆ ಹಿಂದಿನ ವರ್ಷ ಏನಾಗಿತ್ತು? ಕಾರು ಜೋಡಿಸುವ ಸಾಲಿನಲ್ಲಿ ದಿನವಿಡೀ ಒಂದೇ ಕೆಲಸ ಮಾಡಿ ಬೇಸತ್ತು ಜನ ಬಿಟ್ಟು ಹೋಗುತ್ತಿದ್ದರು. ಸುಮಾರು 14,000 ಜನರ ಕೆಲಸಕ್ಕೆ ವರ್ಷದಲ್ಲಿ 50,000ಕ್ಕೂ ಹೆಚ್ಚು ಜನರನ್ನು ಸೇರಿಸಿಕೊಳ್ಳಬೇಕಾಗಿ ಬಂತು. ದಿನಾ ಹೊಸಬರಿಗೆ ಕಲಿಸುವ ಖರ್ಚು ಕೈ ಕಚ್ಚಿತು. ಅವನಿಗೆ ಸಂಬಳ ಏರಿಸುವುದೇ ಅಗ್ಗವಾಯಿತು. (ಆ 5 ಡಾಲರ್ ಪೂರ್ತಿ ಸಿಗಬೇಕಾದರೆ ಕಂಪನಿಯವರು ಮನೆಗೆ ಬಂದು ಕುಡಿತ ಇದೆಯೇ, ಮನೆ ಚೊಕ್ಕವಾಗಿದೆಯೇ ಅಂತ ನೋಡಿಕೊಂಡು ಹೋಗುತ್ತಿದ್ದರು. ಅದನ್ನು ಹೊಗಳುವವರು ಯಾರೂ ಹೇಳುವುದಿಲ್ಲ.)

ನಮ್ಮ ಕಾರ್ಖಾನೆಯ ಮೆಷಿನ್ ಕಥೆಯೂ ಇದೇ ತಾನೇ.

ಬಂಡವಾಳ ಹಾಕುವವರು ಹತ್ತು ಜನ ಇದ್ದು, ಕೈಗಳು ಸಾಲದೆ ಬಂದರೆ, ಕೆಲಸಗಾರನಿಗೆ ಬೆಲೆ ಬರುತ್ತದೆ. ಇದು ಬಂಡವಾಳಶಾಹಿಗಿಂತಲೂ ಹಳೆಯ ನಿಯಮ. 14ನೇ ಶತಮಾನದ ಮಧ್ಯದಲ್ಲಿ ಪ್ಲೇಗ್ ಬಂದು ಇಂಗ್ಲೆಂಡಿನ ಜನಸಂಖ್ಯೆಯಲ್ಲಿ ಮೂರನೇ ಒಂದು ಪಾಲಾದರೂ ಸತ್ತಾಗ ಉಳಿದ ಆಳುಗಳು ಜಾಸ್ತಿ ಕೂಲಿ ಕೇಳತೊಡಗಿದರು. 1349ರಲ್ಲೇ ರಾಜ ಆಜ್ಞೆ ಹೊರಡಿಸಿದ: ಪ್ಲೇಗಿಗೆ ಮುಂಚೆ ಇದ್ದ ಕೂಲಿಗೇ ದುಡಿಯಬೇಕು. ಆಳು ಸಿಗದಾಗ ಕೂಲಿ ಏರಲಿ ಅಂತ ಬಿಡುವ ಧೈರ್ಯ ಮೇಲಿದ್ದವರಿಗೆ ಆಗಲೂ ಇರಲಿಲ್ಲ.

ಇನ್ನು ಮಾರ್ಕ್ಸ್. ಅವನ ಹೆಸರು ಎತ್ತದಿದ್ದರೆ ಈ ಉತ್ತರಕ್ಕೆ ಕೆಳಗೆ ಯಾರಾದರೂ ಬಂದು ಎತ್ತುತ್ತಾರೆ. ಕೆಲಸಗಾರ ದಿನದ ಕೆಲವು ಗಂಟೆಗಳಲ್ಲೇ ತನ್ನ ಕೂಲಿಯಷ್ಟು ದುಡಿದುಬಿಡುತ್ತಾನೆ, ಉಳಿದ ಗಂಟೆಗಳ ದುಡಿಮೆ ಮಾಲೀಕನ ಲಾಭ, ಹಾಗಾಗಿ ಲಾಭ ಅಂದರೇ ಕೂಲಿ ಕೊಡದ ದುಡಿಮೆ ಅನ್ನುವುದು ಅವನ ವಾದ. ನಾನು ಪೂರ್ತಿ ಒಪ್ಪುವುದಿಲ್ಲ. ಆರ್ಡರ್ ಹುಡುಕುವುದು, ಮಾಲು ಹೋಗದಿದ್ದರೆ ನಷ್ಟ ಹೊರುವುದು ಇವೂ ಕೆಲಸವೇ. ನಮ್ಮ ಮಾಲೀಕರು ನಿದ್ದೆಗೆಟ್ಟದ್ದನ್ನು ನಾನೇ ನೋಡಿದ್ದೇನೆ. ಆದರೆ 'ಮಾಲೀಕ ಅಪಾಯ ಹೊರುತ್ತಾನೆ, ಅದಕ್ಕೇ ಲಾಭ ಅವನಿಗೆ' ಅನ್ನುವವರು ಒಂದು ಮರೆಯುತ್ತಾರೆ. ಕಂಪನಿ ಮುಳುಗಿದರೆ ಕೆಲಸಗಾರನ ಸಂಬಳವೂ ಮುಳುಗುತ್ತದೆ. ಅವನು ಹೊತ್ತ ಆ ಅಪಾಯಕ್ಕೆ ಲಾಭ ಬಂದ ವರ್ಷ ಯಾರೂ ಪಾಲು ಕೊಟ್ಟಿರುವುದಿಲ್ಲ.

ಮಾಲೀಕರನ್ನೇ ತೆಗೆದುಹಾಕಿದರೆ ಎಲ್ಲ ಸರಿಹೋಗುತ್ತದೆಯೇ? ಸೋವಿಯತ್ ಒಕ್ಕೂಟದಲ್ಲಿ ತೆಗೆದು ನೋಡಿದರು. ಅಲ್ಲಿ ಕೆಲಸ ಕೊಡುವವನು ಒಬ್ಬನೇ: ಸರ್ಕಾರ. 1940ರ ಜೂನ್ 26ರ ಆಜ್ಞೆಯ ಪ್ರಕಾರ ಅನುಮತಿ ಇಲ್ಲದೆ ಕೆಲಸ ಬಿಟ್ಟರೆ ಎರಡರಿಂದ ನಾಲ್ಕು ತಿಂಗಳು ಜೈಲು. ಇಪ್ಪತ್ತು ನಿಮಿಷಕ್ಕಿಂತ ತಡವಾಗಿ ಬಂದರೂ ಕೇಸು, ಸಂಬಳದಲ್ಲಿ ಕಾಲು ಭಾಗದವರೆಗೆ ಕಡಿತ. ನಮ್ಮ ಮೆಷಿನ್ ಕಾಲು ಗಂಟೆ ತಿನ್ನುತ್ತಿತ್ತು, ಅಲ್ಲಿ ಕಾಲು ಸಂಬಳವೇ ಹೋಗುತ್ತಿತ್ತು! 1980ರಲ್ಲಿ ಪೋಲೆಂಡಿನಲ್ಲಿ 'ಸಾಲಿಡಾರಿಟಿ' ಯೂನಿಯನ್ ಹುಟ್ಟಿದ್ದು ಎಲ್ಲಿ? ಕಾರ್ಮಿಕರದ್ದೇ ರಾಜ್ಯ ಅಂತ ಹೇಳಿಕೊಳ್ಳುತ್ತಿದ್ದ ಸರ್ಕಾರದ, ಲೆನಿನ್ ಹೆಸರಿಟ್ಟುಕೊಂಡಿದ್ದ ಹಡಗುಕಟ್ಟೆಯಲ್ಲಿ. ಬೇರೆ ಬಾಗಿಲು ಇಲ್ಲದ ಕಡೆ ಮಾಲೀಕ ಯಾರಾದರೂ ಅಷ್ಟೇ.

ಹಾಗಾಗಿ ಬಾಗಿಲು ಎಷ್ಟಿವೆ ಅನ್ನುವುದನ್ನೇ ನೋಡಬೇಕು. ಒಂದು ಊರಿಗೆ ಒಂದೇ ದೊಡ್ಡ ಕಾರ್ಖಾನೆ ಇದ್ದರೆ, ಸಂಬಳ ಮಾರುಕಟ್ಟೆಯಲ್ಲಿ ನಿಗದಿ ಆಗುವುದಿಲ್ಲ, ಆ ಕಾರ್ಖಾನೆಯ ಆಫೀಸಿನಲ್ಲಿ ಆಗುತ್ತದೆ. ಒಬ್ಬನೇ ಕೊಳ್ಳುವವನಿರುವ ಈ ಸ್ಥಿತಿಯನ್ನು ಬ್ರಿಟನ್ನಿನ ಅರ್ಥಶಾಸ್ತ್ರಜ್ಞೆ ಜೋನ್ ರಾಬಿನ್ಸನ್ 1933ರಲ್ಲೇ ವಿವರಿಸಿದ್ದರು. ಕೂಲಿ ಏರಿಸಿದರೆ ಕೆಲಸ ಹೋಗುತ್ತದೆ ಅನ್ನುವ ಮಾತು ಕೇಳಿರುತ್ತೀರಿ. 1992ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಕನಿಷ್ಠ ಕೂಲಿಯನ್ನು ಗಂಟೆಗೆ 4.25 ಡಾಲರ್‌ನಿಂದ 5.05ಕ್ಕೆ ಏರಿಸಿದರು. ಪಕ್ಕದ ಪೆನ್ಸಿಲ್ವೇನಿಯಾದಲ್ಲಿ ಏರಿಸಲಿಲ್ಲ. ಡೇವಿಡ್ ಕಾರ್ಡ್ ಮತ್ತು ಅಲನ್ ಕ್ರೂಗರ್ ಅನ್ನುವ ಅರ್ಥಶಾಸ್ತ್ರಜ್ಞರು ಎರಡೂ ಕಡೆಯ ಫಾಸ್ಟ್‌ಫುಡ್ ಹೋಟೆಲುಗಳನ್ನು ಹೋಲಿಸಿ ನೋಡಿದರೆ, ಏರಿಸಿದ ಕಡೆ ಕೆಲಸ ಕಡಿಮೆ ಆಗಿರಲಿಲ್ಲ. ಈ ಬಗ್ಗೆ ಅರ್ಥಶಾಸ್ತ್ರಜ್ಞರು ಇನ್ನೂ ಜಗಳವಾಡುತ್ತಾರೆ. ಎಷ್ಟು ಬೇಕಾದರೂ ಏರಿಸಬಹುದು ಅಂತ ಇದರ ಅರ್ಥವೂ ಅಲ್ಲ. ಕಾರ್ಡ್‌ಗೆ 2021ರಲ್ಲಿ ನೊಬೆಲ್ ಬಂತು.

ಹಳೆಯದೊಂದು ತಮಾಷೆ ಹೇಳಿಬಿಡುತ್ತೇನೆ. 1837ರಲ್ಲಿ ಆಕ್ಸ್‌ಫರ್ಡ್‌ನ ನಸಾವು ಸೀನಿಯರ್ ಅನ್ನುವ ಅರ್ಥಶಾಸ್ತ್ರಜ್ಞ, ಹತ್ತಿ ಗಿರಣಿಯ ಲಾಭವೆಲ್ಲ ದಿನದ ಕೊನೆಯ ಒಂದು ಗಂಟೆಯಲ್ಲೇ ಬರುತ್ತದೆ, ಆ ಗಂಟೆ ಕಡಿಮೆ ಮಾಡಿದರೆ ಲಾಭವೇ ಇರುವುದಿಲ್ಲ ಅಂತ ಲೆಕ್ಕ ಹಾಕಿ ತೋರಿಸಿದ್ದ. ಹತ್ತು ವರ್ಷಕ್ಕೆ, 1847ರಲ್ಲಿ, ಹೆಂಗಸರಿಗೂ ಹದಿನೆಂಟು ದಾಟದವರಿಗೂ ದಿನಕ್ಕೆ ಹತ್ತೇ ಗಂಟೆ ಕೆಲಸ ಅನ್ನುವ ಕಾನೂನು ಬಂತು. ಗಿರಣಿಗಳು ಮುಳುಗಲಿಲ್ಲ. ಸಂಬಳದ ಲೆಕ್ಕ ಬರೆಯುವವನಾಗಿ ಹೇಳುತ್ತೇನೆ, ಯಾವ ಉತ್ತರ ಬೇಕು ಅಂತ ಮೊದಲೇ ಗೊತ್ತಿದ್ದರೆ ಲೆಕ್ಕ ಹಾಕುವುದು ಬಹಳ ಸುಲಭ.

ಈಗ ಆಪ್‌ಗಳ ಕಾಲ. ಇಲ್ಲಿ ಮಾಲೀಕನೇ ಇಲ್ಲ, ನೀವೇ ನಿಮ್ಮ ಮಾಲೀಕರು ಅಂತಾರೆ. ಆದರೆ ಗಾಡಿ ನಿಲ್ಲಿಸಿಕೊಂಡು, ಫೋನ್ ನೋಡುತ್ತಾ ಮುಂದಿನ ಬಾಡಿಗೆಗೆ ಕಾಯುವ ಹೊತ್ತು ಯಾರ ಲೆಕ್ಕಕ್ಕೆ? 2021ರ ಫೆಬ್ರವರಿಯಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ಉಬರ್ ಡ್ರೈವರ್‌ಗಳ ಕೇಸಿನಲ್ಲಿ ಇದನ್ನೇ ವಿಚಾರಿಸಿತು. ಆಪ್ ಆನ್ ಮಾಡಿ ಬಾಡಿಗೆಗೆ ತಯಾರಾಗಿ ಕಾಯುವುದೂ ಕೆಲಸದ ಸಮಯವೇ ಅಂದಿತು. ಮಾಲೀಕನಿಗಿಂತ ಕೆಲಸಗಾರನಿಗೆ ಕಾಯುವುದು ಕಷ್ಟ ಅಂತ ಸ್ಮಿತ್ ಬರೆದು 245 ವರ್ಷ ಆಗಿತ್ತು.

ನಿಮ್ಮ ಗೆಳೆಯರು ಮತ್ತೆ 'ಬಿಟ್ಟು ಹೋಗಲಿ' ಅಂದರೆ ಜಗಳ ಬೇಡ. ನಿಮಗೆ ನಾಳೆಯಿಂದ ಸಂಬಳ ಇಲ್ಲದಿದ್ದರೆ ಎಷ್ಟು ತಿಂಗಳು ಕಾಯುತ್ತೀರಿ ಅಂತ ಕೇಳಿ ನೋಡಿ. ಆರು ತಿಂಗಳು ಅಂದರೆ ಅವರ ಮಾತು ಅವರ ಮಟ್ಟಿಗೆ ನಿಜ. ಅವರಿಗೆ ಈ ವ್ಯವಸ್ಥೆ ನ್ಯಾಯವಾಗಿಯೇ ಕಂಡಿರುತ್ತದೆ, ಸುಳ್ಳು ಹೇಳುತ್ತಿಲ್ಲ ಪಾಪ.

ಆ ಟೈಲರ್ ಅಕ್ಕ ಹೊಸ ಕಾರ್ಖಾನೆಗೆ ಹೋಗಲಿಲ್ಲ. ವಯಸ್ಸಾಗಿತ್ತು, ಅಲ್ಲಿ ತೆಗೆದುಕೊಳ್ಳುತ್ತಿದ್ದುದು ಚಿಕ್ಕವರನ್ನು. ಆದರೂ ಸೆಟ್ಟಿಂಗ್ ಬದಲಾದ ಮೇಲೆ ಅವರ ಹತ್ತು ನಿಮಿಷ ಅವರಿಗೂ ಸಿಕ್ಕಿತು, ಬಿಟ್ಟು ಹೋದ ಆ ನಲವತ್ತು ಜನರಿಂದಾಗಿ. ಮೊದಲ ತಿಂಗಳ ಚೀಟಿ ಹಿಡಿದುಕೊಂಡು ನನ್ನ ಮೇಜಿನ ಹತ್ತಿರ ಬಂದರು. "ಸಿಸ್ಟಮ್ ಸರಿಯಾಯ್ತಾ ಅಣ್ಣಾ?" ಅಂದರು. ಹೂಂ ಅಂದೆ. ಹಿಂದಿನ ವರ್ಷಗಳ ಬಾಕಿಯ ಮಾತನ್ನು ಅವರು ಎತ್ತಲಿಲ್ಲ. ಲೆಕ್ಕ ನನ್ನ ಹತ್ತಿರವೇ ಇತ್ತು, ನಾನೂ ಎತ್ತಲಿಲ್ಲ.