ದೊಡ್ಡ ಕರುಳು: ಬಲಕ್ಕೊಂದು ಸ್ವಭಾವ, ಎಡಕ್ಕೊಂದು

ಈ ಬಾರಿ ಕೊಡಗಿನಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ದೊಡ್ಡ ಕರುಳಿನ ಬಗ್ಗೆಯೇ ಇದ್ದವು. ಅವುಗಳಲ್ಲಿ ಐದಕ್ಕೆ ಕರುಳಿನ ಶಸ್ತ್ರಚಿಕಿತ್ಸಾ ತಜ್ಞರು ಇಲ್ಲಿ ಉತ್ತರಿಸಿದ್ದಾರೆ.

ಪ್ರಶ್ನೆ: ನನ್ನ ಅಣ್ಣನಿಗೆ 61 ವರ್ಷ, ಕಾಫಿ ತೋಟ ನೋಡಿಕೊಳ್ಳುತ್ತಾರೆ. ಏಳೆಂಟು ತಿಂಗಳಿಂದ ತೋಟದ ಏರು ಹತ್ತಿದರೆ ಸುಸ್ತು, ಏದುಸಿರು. ಹಿಮೋಗ್ಲೋಬಿನ್ 8ಕ್ಕೆ ಇಳಿದಿತ್ತು. ಹುಳದ ಮಾತ್ರೆ, ಕಬ್ಬಿಣಾಂಶದ ಮಾತ್ರೆ ಎಲ್ಲಾ ಆಯಿತು. ಕೊನೆಗೆ ಮೈಸೂರಿನಲ್ಲಿ ಕೊಲೊನೋಸ್ಕೋಪಿ (ಗುದದ್ವಾರದಿಂದ ಕ್ಯಾಮೆರಾ ಇರುವ ಪೈಪ್ ಹಾಕಿ ದೊಡ್ಡ ಕರುಳನ್ನು ನೋಡುವ ಪರೀಕ್ಷೆ) ಮಾಡಿಸಿದಾಗ ದೊಡ್ಡ ಕರುಳಿನ ಬಲಭಾಗದಲ್ಲಿ 3 ಸೆಂ.ಮೀ. ಗಡ್ಡೆ ಕಂಡಿತು, ಬಯಾಪ್ಸಿಯಲ್ಲಿ ಕ್ಯಾನ್ಸರ್ ಎಂದು ಬಂದಿದೆ. ಅವರು ಮಲದಲ್ಲಿ ಒಂದು ದಿನವೂ ರಕ್ತ ಕಂಡವರಲ್ಲ. ಇಷ್ಟು ಚಿಕ್ಕ ಗಡ್ಡೆಗೆ ಒಂದಡಿ ಕರುಳು ತೆಗೆಯಬೇಕು ಅನ್ನುತ್ತಾರೆ. ಅಷ್ಟೊಂದು ಯಾಕೆ? ಮಲ ಹೋಗಲು ಹೊಟ್ಟೆಗೆ ಚೀಲ ಕಟ್ಟುತ್ತಾರಾ ಡಾಕ್ಟ್ರೇ?
– ಸಿದ್ದಾಪುರದ ಓದುಗರು

ಉತ್ತರ: ದೊಡ್ಡ ಕರುಳು ಸುಮಾರು ಒಂದೂವರೆ ಮೀಟರ್ ಉದ್ದ. ಹೊಟ್ಟೆಯ ಬಲ ಕೆಳಮೂಲೆಯಲ್ಲಿ ಸಣ್ಣ ಕರುಳು ಬಂದು ಸೇರುವ ಕಡೆ ಅದು ಶುರುವಾಗುತ್ತದೆ. ಆ ಮೊದಲ ಚೀಲಕ್ಕೆ ಸೀಕಮ್ ಎನ್ನುತ್ತೇವೆ, ಅಪೆಂಡಿಕ್ಸ್ ನೇತಾಡುವುದು ಅದಕ್ಕೇ. ಅಲ್ಲಿಂದ ಬಲಗಡೆ ಮೇಲೇರಿ, ಪಿತ್ತಜನಕಾಂಗದ ಅಡಿಯಲ್ಲಿ ತಿರುಗಿ, ಹೊಟ್ಟೆಯ ಅಡ್ಡಕ್ಕೆ ಹಾಯ್ದು, ಗುಲ್ಮದ ಹತ್ತಿರ ಮತ್ತೆ ತಿರುಗಿ ಎಡಗಡೆ ಇಳಿಯುತ್ತದೆ. ಆಮೇಲೆ ಸಿಗ್ಮಾಯ್ಡ್ ಎಂಬ ಡೊಂಕು ಭಾಗ, ಮಲಾಶಯ, ಗುದದ್ವಾರ.

ನೋಡಲು ಒಂದೇ ಕೊಳವೆಯಾದರೂ ಹುಟ್ಟಿನಿಂದ ಇದು ಎರಡು. ಭ್ರೂಣದ ಕರುಳಿನ ನಡುಭಾಗದಿಂದ ಬಲಗಡೆಯದು ಬೆಳೆಯುತ್ತದೆ, ಹಿಂಭಾಗದಿಂದ ಎಡಗಡೆಯದು. ರಕ್ತ ಕೊಡುವ ಅಪಧಮನಿಗಳೂ ಬೇರೆ ಬೇರೆ. ಅಡ್ಡ ಭಾಗದ ಮೂರನೇ ಎರಡು ಪಾಲಿನವರೆಗೆ ಒಂದರ ಆಡಳಿತ, ಅಲ್ಲಿಂದ ಮುಂದೆ ಇನ್ನೊಂದರದು. ಕಾಯಿಲೆಯ ನಡತೆಯೂ ಹಾಗೇ ಬೇರೆ.

ಸೀಕಮ್ ಸುಮಾರು 7.5 ಸೆಂ.ಮೀ. ಅಗಲ, ದೊಡ್ಡ ಕರುಳಿನಲ್ಲೇ ಅತಿ ಅಗಲದ ಜಾಗ. ಸಣ್ಣ ಕರುಳಿನಿಂದ ದಿನಕ್ಕೆ ಒಂದೂವರೆ ಲೀಟರಿನಷ್ಟು ತೆಳ್ಳನೆಯ ದ್ರವ ಅಲ್ಲಿಗೆ ಬಂದು ಬೀಳುತ್ತದೆ. ದಾರಿಯುದ್ದಕ್ಕೂ ಕರುಳು ನೀರು ಹೀರುತ್ತಾ ಹೋಗಿ, ಕೊನೆಗೆ ಮಲದಲ್ಲಿ ಉಳಿಯುವುದು 100–200 ಮಿ.ಲೀ. ಮಾತ್ರ. ಬಲಗಡೆ ಅಗಲವೂ ಹೆಚ್ಚು, ಒಳಗಿನದು ನೀರೂ ಹೌದು. ಅಲ್ಲಿ ಗಡ್ಡೆ ಬೆಳೆದರೆ ದಾರಿ ಬೇಗ ಕಟ್ಟುವುದಿಲ್ಲ. ಅದರಿಂದ ದಿನವೂ ಚೂರುಚೂರು ಒಸರುವ ರಕ್ತ ಮಲದಲ್ಲಿ ಕಲಸಿ, ಹೊರಗೆ ಬರುವಷ್ಟರಲ್ಲಿ ಗುರುತೇ ಸಿಗದಂತಾಗುತ್ತದೆ. ನಿಮ್ಮ ಅಣ್ಣ ರಕ್ತ ಕಾಣದಿದ್ದುದಕ್ಕೆ ಕಾರಣ ಇದು. ಕಂಡದ್ದು ಅದರ ಪರಿಣಾಮ, ಏರು ಹತ್ತುವಾಗಿನ ಸುಸ್ತು. ಇದೇ ಗಡ್ಡೆ ಎಡಗಡೆ ಇದ್ದಿದ್ದರೆ ಮಲಬದ್ಧತೆ, ಹೊಟ್ಟೆ ಹಿಡಿದುಕೊಳ್ಳುವುದು, ಕಣ್ಣಿಗೆ ಕಾಣುವ ರಕ್ತ ಇವು ಮೊದಲು ಬರುತ್ತಿದ್ದವು.

ತೋಟದ ಊರುಗಳಲ್ಲಿ ರಕ್ತ ಕಡಿಮೆ ಎಂದ ಕೂಡಲೇ ಕೊಕ್ಕೆಹುಳದ ಮೇಲೆ ಅನುಮಾನ ಬರುವುದು ತಪ್ಪಲ್ಲ. ಬರಿಗಾಲಲ್ಲಿ ಒದ್ದೆ ಮಣ್ಣು ತುಳಿಯುವವರಿಗೆ ಅದು ಬರುತ್ತದೆ. ಆದರೆ 50 ದಾಟಿದ ಗಂಡಸಿಗೆ, ಮುಟ್ಟು ನಿಂತ ಹೆಂಗಸಿಗೆ ಕಬ್ಬಿಣಾಂಶ ಕಡಿಮೆಯಾಗಿ ರಕ್ತಹೀನತೆ ಬಂದರೆ ಹುಳದ ಮಾತ್ರೆ ಕೊಟ್ಟು ಕೈತೊಳೆದುಕೊಳ್ಳಬಾರದು, ಕರುಳನ್ನು ನೋಡಲೇಬೇಕು. ಈ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ.

ಇನ್ನು ಒಂದಡಿಯ ಲೆಕ್ಕ. ಕ್ಯಾನ್ಸರ್ ಕಣಗಳು ಹೊರಟರೆ ಮೊದಲು ಹೋಗುವುದು ದುಗ್ಧಗ್ರಂಥಿಗಳಿಗೆ (ಲಿಂಫ್ ನೋಡ್), ಅವು ಇರುವುದು ಅಪಧಮನಿಯ ಪಕ್ಕದಲ್ಲೇ. ಗ್ರಂಥಿಗಳನ್ನು ಪೂರ್ತಿ ತೆಗೆಯಬೇಕಾದರೆ ಅಪಧಮನಿಯನ್ನು ಅದರ ಬುಡದಲ್ಲೇ ಕಟ್ಟಬೇಕು. ಸ್ಪ್ರಿಂಕ್ಲರ್ ಲೈನನ್ನು ಮೂಲದಲ್ಲೇ ಮುಚ್ಚಿದರೆ ಆ ಸಾಲಿನ ಯಾವ ಗಿಡಕ್ಕೂ ನೀರಿಲ್ಲವಲ್ಲ, ಹಾಗೆ ಆ ಅಪಧಮನಿ ಸಾಕುತ್ತಿದ್ದ ಕರುಳೂ ಉಳಿಯುವುದಿಲ್ಲ. ಆದ್ದರಿಂದ ಸಣ್ಣ ಕರುಳಿನ ತುದಿ, ಸೀಕಮ್, ಅಪೆಂಡಿಕ್ಸ್, ಮೇಲೇರುವ ಭಾಗ, ತಿರುವು ಎಲ್ಲವನ್ನೂ ಒಟ್ಟಿಗೇ ತೆಗೆಯುತ್ತೇವೆ. ಎಷ್ಟು ಉದ್ದ ಎಂಬುದನ್ನು ನಿರ್ಧರಿಸುವುದು ರಕ್ತನಾಳ, ಗಡ್ಡೆಯ ಅಳತೆಯಲ್ಲ. ತೆಗೆದ ಭಾಗದಲ್ಲಿ ಕನಿಷ್ಠ 12 ಗ್ರಂಥಿಗಳನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಬೇಕೆಂಬುದು ನಿಯಮ. ಕಿಮೋಥೆರಪಿ ಬೇಕೇ ಎಂಬ ತೀರ್ಮಾನದಲ್ಲಿ ಆ ವರದಿಯೇ ಮುಖ್ಯ. ರಿಪೋರ್ಟ್ ಬಂದಾಗ ಆ ಸಂಖ್ಯೆ ಕೇಳಿ ನೋಡಿ.

ಚೀಲ? ಯೋಜಿಸಿ ಮಾಡುವ ಬಲಗಡೆಯ ಆಪರೇಷನ್ನಿಗೆ ಅಪರೂಪಕ್ಕೆ ಮಾತ್ರ ಬೇಕಾಗುತ್ತದೆ. ಸಣ್ಣ ಕರುಳನ್ನು ಉಳಿದ ಅಡ್ಡ ಭಾಗಕ್ಕೆ ಜೋಡಿಸುತ್ತಾರೆ. ಕೆಲವು ವಾರ ಮಲ ತೆಳ್ಳಗಿರಬಹುದು, ಆಮೇಲೆ ಉಳಿದ ಕರುಳು ನೀರು ಹೀರುವ ಕೆಲಸವನ್ನು ವಹಿಸಿಕೊಳ್ಳುತ್ತದೆ.

ಪತ್ರ ಬರೆದ ನಿಮಗೂ ಒಂದು ಮಾತು. ಒಡಹುಟ್ಟಿದವರಿಗೆ ಈ ಕಾಯಿಲೆ ಬಂದಿದೆ ಎಂದರೆ, 40 ದಾಟಿದ್ದಲ್ಲಿ ನೀವೂ ಕೊಲೊನೋಸ್ಕೋಪಿ ಮಾಡಿಸಿಕೊಳ್ಳಬೇಕು. ಅಣ್ಣನ ಮಕ್ಕಳಿಗೂ ಇದೇ ಮಾತು.

ಪ್ರಶ್ನೆ: ಊಟವಾದ ಮೇಲೆ ಎಡ ಪಕ್ಕೆಲುಬಿನ ಕೆಳಗೆ ಚುಚ್ಚಿದಂತೆ ನೋವು. ಹೃದಯವೆಂದು ಹೆದರಿ ಎರಡು ಸಲ ಇ.ಸಿ.ಜಿ. ಮಾಡಿಸಿದೆ, ಸರಿ ಇದೆ. ವಾಯು ಹೋದರೆ ಕಡಿಮೆಯಾಗುತ್ತದೆ.
– ಸೋಮವಾರಪೇಟೆಯ ಓದುಗರು

ಉತ್ತರ: ಬಲಗಡೆಯ ತಿರುವಿಗಿಂತ ಎಡಗಡೆಯದು ಎತ್ತರದಲ್ಲಿದೆ. ಬಲಕ್ಕೆ ಪಿತ್ತಜನಕಾಂಗ ಕೂತು ಕರುಳನ್ನು ಕೆಳಕ್ಕೆ ಒತ್ತಿರುತ್ತದೆ, ಎಡಗಡೆ ಆ ಅಡ್ಡಿಯಿಲ್ಲ. ಎದೆ ಮತ್ತು ಹೊಟ್ಟೆಯ ನಡುವಿನ ಪರದೆಯಾದ ವಪೆಗೆ ಅಂಟಿಕೊಂಡ ಆ ಎತ್ತರದ ಮೂಲೆಯಲ್ಲಿ ವಾಯು ಸಿಕ್ಕಿಕೊಂಡರೆ ನೋವು ಎದೆಯಲ್ಲೇ ಬಂದಂತೆ ಅನಿಸುತ್ತದೆ. ನೀವು ಹೇಳಿದ್ದು ಅದಕ್ಕೆ ಹೊಂದುತ್ತದೆ. ಯಾವ ಊಟದ ಮೇಲೆ ಹೆಚ್ಚು ಎಂದು ಗಮನಿಸಿ: ಕಾಳು, ಹಾಲು, ಸೋಡಾ, ಒಂದೇ ಹೊತ್ತಿಗೆ ಮಿತಿಮೀರಿ ತಿಂದ ಕಡಂಬುಟ್ಟು. ಆದರೆ ಬೆವರು, ಉಸಿರು ಕಟ್ಟುವುದು, ತೋಳಿಗೋ ದವಡೆಗೋ ಹರಡುವ ನೋವು ಇದ್ದರೆ ಹಳೆಯ ಇ.ಸಿ.ಜಿ.ಯನ್ನು ನಂಬಿ ಮನೆಯಲ್ಲಿ ಕೂರಬೇಡಿ.

ಪ್ರಶ್ನೆ: ಬೆಳಿಗ್ಗೆ ಕಾಫಿ ಕುಡಿಯದೆ ಹೊಟ್ಟೆ ಖಾಲಿಯಾಗುವುದೇ ಇಲ್ಲ. ಇದು ಚಟವೇ?
– ನಾಪೋಕ್ಲು ಓದುಗರು

ಉತ್ತರ: ಕೊಡಗಿನವರು ಇದನ್ನು ಕೇಳಿದರೆ ಏನು ಹೇಳಲಿ! ಹೊಟ್ಟೆಗೆ ಏನಾದರೂ ಬಿದ್ದ ಕೂಡಲೇ ದೊಡ್ಡ ಕರುಳಿಗೆ ಸೂಚನೆ ಹೋಗುತ್ತದೆ, ಎಡಭಾಗದಲ್ಲಿ ನಿಂತದ್ದು ಮುಂದಕ್ಕೆ ಸರಿಯುತ್ತದೆ. 1990ರಲ್ಲಿ ‘ಗಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಧ್ಯಯನದಲ್ಲಿ, ಕಾಫಿಯಿಂದ ಶೌಚದ ಒತ್ತಡ ಬರುವವರಿಗೆ 4 ನಿಮಿಷದೊಳಗೇ ಕರುಳಿನ ಕೊನೆಯ ಭಾಗ ಚುರುಕಾಯಿತು. ಅಷ್ಟರಲ್ಲಿ ಕಾಫಿ ಅಲ್ಲಿಗೆ ತಲುಪಿರುವುದೇ ಇಲ್ಲ. ಕೆಫೀನ್ ತೆಗೆದ ಕಾಫಿಗೂ ಅದೇ ಫಲ, ಬರೀ ಬಿಸಿನೀರಿಗೆ ಇಲ್ಲ. ಕುಡಿಯಿರಿ.

ಪ್ರಶ್ನೆ: ಅಮ್ಮನಿಗೆ 70. ಕೊಡಗಿನ ಕಕ್ಕಡ ತಿಂಗಳ 18ರಂದು (ಆಗಸ್ಟ್ 3) ಮದ್ದು ಸೊಪ್ಪಿನ ಪಾಯಸ ತಿಂದಿದ್ದರು. ಎರಡು ವಾರವಾದರೂ ಶೌಚದ ಜೊತೆ ಕೆಂಪು ಕಾಣುತ್ತಿದೆ. ‘ಪಾಯಸದ್ದೇ ಬಣ್ಣ, ನೋವೂ ಇಲ್ಲ’ ಅನ್ನುತ್ತಾರೆ.
– ಮಡಿಕೇರಿ ಓದುಗರು

ಉತ್ತರ: ಮದ್ದು ಪಾಯಸ ತಿಂದವರ ಮೂತ್ರ ಕೆಂಪಾಗುವುದು ಕೊಡಗಿನಲ್ಲಿ ಎಲ್ಲರಿಗೂ ಗೊತ್ತು. ಅದು ತಾನಾಗಿ ಹೋಗುತ್ತದೆ. ಎರಡು ವಾರದ ನಂತರ ಮಲದ ಜೊತೆ ಕಂಡ ಕೆಂಪನ್ನು ಆಗಸ್ಟ್ 3ರ ಪಾಯಸದ ಲೆಕ್ಕಕ್ಕೆ ಬರೆಯಬೇಡಿ.

ನೋವಿಲ್ಲ ಎಂಬುದು ಸಮಾಧಾನದ ಮಾತಲ್ಲ. ಗುದದ್ವಾರದಿಂದ ಸುಮಾರು 2 ಸೆಂ.ಮೀ. ಒಳಗೆ ಒಂದು ಗಡಿರೇಖೆ ಇದೆ. ಅದರ ಕೆಳಗಿನದು ಚರ್ಮದ ಜಾತಿ, ಸೂಜಿ ಮುಟ್ಟಿದರೂ ಗೊತ್ತಾಗುತ್ತದೆ. ಮೇಲಿನದು ಕರುಳಿನ ಜಾತಿ, ಕತ್ತರಿಸಿದರೂ ಉರಿಯುವುದಿಲ್ಲ. ಹಾಗಾಗಿ ಶೌಚಕ್ಕೆ ಕೂತಾಗ ಕುಯ್ದಂತೆ ನೋವಿದ್ದು ಎರಡು ಹನಿ ರಕ್ತ ಬಂದರೆ ಅದು ಹೆಚ್ಚಾಗಿ ಕೆಳಗಿನ ಬಿರುಕು. ನೋವೇ ಇಲ್ಲದ ರಕ್ತ ಒಳ ಮೂಲವ್ಯಾಧಿಯದಿರಬಹುದು, ಇನ್ನೂ ಮೇಲಿನದೂ ಇರಬಹುದು. ಮೂಲವ್ಯಾಧಿ ಇದ್ದವರಿಗೆ ಗಡ್ಡೆ ಇರಬಾರದೆಂದೇನೂ ಇಲ್ಲ. ಅಮ್ಮನಿಗೆ ಸಂಕೋಚವಿದ್ದರೆ ಲೇಡಿ ಡಾಕ್ಟರರ ಹತ್ತಿರ ಕರೆದುಕೊಂಡು ಹೋಗಿ. ಬೆರಳಿನಿಂದ ಮಾಡುವ ಪರೀಕ್ಷೆ ಎರಡು ನಿಮಿಷದ್ದು, ಅದು ಮಡಿಕೇರಿಯಲ್ಲೇ ಆಗುತ್ತದೆ. ಈ ವಯಸ್ಸಿಗೆ ಆಮೇಲೆ ಕೊಲೊನೋಸ್ಕೋಪಿಯೂ ಬೇಕು.

ಪ್ರಶ್ನೆ: ಮೈಸೂರಿನಲ್ಲಿ ಕೊಲೊನೋಸ್ಕೋಪಿಗೆ ದಿನ ಕೊಟ್ಟಿದ್ದಾರೆ. ಭೇದಿ ಔಷಧಿ ಮನೆಯಲ್ಲೇ ಕುಡಿದು ಬೆಳಗಿನ ಬಸ್ಸಿಗೆ ಹೋಗಬಹುದಾ? ಅಷ್ಟುದ್ದದ ಪೈಪ್ ಪೂರ್ತಿ ಒಳಗೆ ಹೋಗುತ್ತದಾ?
– ಗೋಣಿಕೊಪ್ಪಲು ಓದುಗರು

ಉತ್ತರ: ಪೈಪ್ ಒಂದೂವರೆ ಮೀಟರಿಗಿಂತ ಸ್ವಲ್ಪ ಉದ್ದವೇ. ಆದರೆ ಅಡ್ಡ ಭಾಗ ಮತ್ತು ಸಿಗ್ಮಾಯ್ಡ್ ಸಡಿಲವಾಗಿ ತೂಗಾಡುವಂಥವು. ಕರುಳನ್ನು ಪೈಪಿನ ಮೇಲೆ ಸುಕ್ಕುಗಟ್ಟಿಸಿ ನೇರ ಮಾಡಿಕೊಂಡರೆ 70–80 ಸೆಂ.ಮೀ.ಗೆಲ್ಲಾ ಸೀಕಮ್ ಸಿಗುತ್ತದೆ. ಕಷ್ಟ ಕೊಡುವುದು ಸಿಗ್ಮಾಯ್ಡಿನ ಡೊಂಕು, ಅಲ್ಲಿ ಹೊಟ್ಟೆ ಹಿಡಿದಂತಾಗುತ್ತದೆ. ಮಂಪರು ಬರುವ ಇಂಜೆಕ್ಷನ್ ಕೊಟ್ಟಿರುತ್ತಾರೆ.

ಬಸ್ ಮಾತ್ರ ಬೇಡ. ತಿತಿಮತಿ ದಾಟಿದರೆ ಆನೆಚೌಕೂರಿನ ಕಾಡು, ಅಲ್ಲಿ ಬಸ್ ನಿಲ್ಲಿಸಿ ಎಂದು ಕೇಳುವಂತೆಯೂ ಇಲ್ಲ. ತಮಾಷೆ ಬಿಡಿ, ನಿಜವಾದ ಕಾರಣ ಬೇರೆ. ಹಿಂದಿನ ರಾತ್ರಿ ಎಷ್ಟೇ ಕ್ಲೀನ್ ಆದರೂ ಬೆಳಗಿನೊಳಗೆ ಸಣ್ಣ ಕರುಳಿನಿಂದ ಪಿತ್ತ ಬೆರೆತ ದ್ರವ ಬಂದು ಸೀಕಮ್ಮಿನ ಗೋಡೆಗೆ ಮೆತ್ತಿಕೊಳ್ಳುತ್ತದೆ. ಬಲಗಡೆಯ ಚಪ್ಪಟೆ ಗಂಟುಗಳು ಅದರಡಿ ಮರೆಯಾಗುತ್ತವೆ. ಅದಕ್ಕೇ ಔಷಧಿಯನ್ನು ಅರ್ಧ ಹಿಂದಿನ ಸಂಜೆ, ಇನ್ನರ್ಧ ಅದೇ ಬೆಳಿಗ್ಗೆ ಕುಡಿಯಬೇಕು. ಹಿಂದಿನ ಮಧ್ಯಾಹ್ನವೇ ಮೈಸೂರಿಗೆ ಹೋಗಿ ನೆಂಟರ ಮನೆಯಲ್ಲೋ ಲಾಡ್ಜಿನಲ್ಲೋ ಉಳಿಯಿರಿ, ಬಾತ್‌ರೂಮ್ ಇರುವ ರೂಮೇ ಕೇಳಿ. ಕಬ್ಬಿಣಾಂಶದ ಮಾತ್ರೆಯನ್ನು ಒಂದು ವಾರ ಮೊದಲೇ ನಿಲ್ಲಿಸಿ, ಅದು ಮಲವನ್ನು ಕಪ್ಪಾಗಿ ಅಂಟಾಗಿಸುತ್ತದೆ. ಸೀಬೆ, ಪ್ಯಾಶನ್ ಫ್ರೂಟ್‌ನಂಥ ಬೀಜದ ಹಣ್ಣು ಮೂರು ದಿನ ಬೇಡ. ಸಕ್ಕರೆ ಕಾಯಿಲೆಯ ಮಾತ್ರೆ, ರಕ್ತ ತೆಳು ಮಾಡುವ ಮಾತ್ರೆ ಇದ್ದರೆ ನೀವಾಗಿ ನಿಲ್ಲಿಸಬೇಡಿ, ಪರೀಕ್ಷೆ ಮಾಡುವ ಡಾಕ್ಟರಿಗೆ ಫೋನ್ ಮಾಡಿ ಕೇಳಿ. ಇಂಜೆಕ್ಷನ್ನಿನ ಮಂಪರು ಆ ದಿನವೆಲ್ಲಾ ಇರುವುದರಿಂದ ವಾಪಸ್ ಬರುವಾಗ ಗಾಡಿ ಓಡಿಸಲು ಬೇರೆಯವರು ಜೊತೆಗಿರಲಿ.