ಕ್ಲಿನಿಕ್‌ ಮೆಟ್ಟಿಲಿನಿಂದ ವಾಪಸ್ ಬಂದವರಿಗೆ

ಕಾಪು ಕಡೆಯ ಓದುಗರೊಬ್ಬರ ಪತ್ರದ ಸಾರ ಇದು: "ನನಗೆ 52 ವರ್ಷ. ಸಣ್ಣವನಿದ್ದಾಗ ಹಲ್ಲು ಕೀಳಿಸಲು ಇಬ್ಬರು ನನ್ನನ್ನು ಒತ್ತಿ ಹಿಡಿದಿದ್ದರು. ಆಮೇಲೆ ಹಲ್ಲಿನ ಡಾಕ್ಟರ ಹತ್ತಿರ ಹೋದವನಲ್ಲ. ಈಗ ಎಡಗಡೆಯ ಕೆಳದವಡೆ ಹಲ್ಲು ತೂತಾಗಿದೆ. ಬಲಗಡೆಯಲ್ಲೇ ಅಗಿಯುತ್ತೇನೆ. ನೋವು ಬಂದರೆ ಲವಂಗ, ಇಲ್ಲದಿದ್ದರೆ ಮೆಡಿಕಲ್‌ನಿಂದ ಮಾತ್ರೆ. ಕಳೆದ ತಿಂಗಳು ಉಡುಪಿಯಲ್ಲಿ ಒಂದು ಕ್ಲಿನಿಕ್‌ನ ಮೆಟ್ಟಿಲು ಹತ್ತಿದ್ದೆ. ಒಳಗಿನ ಮೆಷಿನ್ ಶಬ್ದ ಕೇಳಿ ವಾಪಸ್ ಬಂದೆ. ಮಕ್ಕಳಿಗೆ ಹೇಳಿದರೆ ನಗುತ್ತಾರೆ. ಮೇಲಿನ ಹಲ್ಲು ಕಿತ್ತರೆ ಕಣ್ಣು ಮಂಜಾಗುತ್ತದೆ ಅಂತಲೂ ಕೆಲವರು ಹೇಳುತ್ತಾರೆ. ಏನು ಮಾಡಲಿ?"

ಮಕ್ಕಳು ನಗಲಿ ಬಿಡಿ ಮಾರಾಯ್ರೆ. ನಗುವವರಿಗೂ ಒಂದು ದಿನ ಹಲ್ಲು ನೋಯುತ್ತದೆ.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಆವತ್ತು ಎಷ್ಟು ನೋವಾಯಿತು ಅಂತ ನೀವು ಎಲ್ಲೂ ಬರೆದಿಲ್ಲ. ಬರೆದದ್ದು ಒತ್ತಿ ಹಿಡಿದವರ ಬಗ್ಗೆ. ನಿಮ್ಮ ಹೆದರಿಕೆ ಇರುವುದು ಅಲ್ಲೇ ಅಂತ ನನಗೆ ಅನ್ನಿಸುತ್ತದೆ. ಬಾಯಿ ತೆರೆದು ಮಲಗಿದ ಮೇಲೆ "ಸಾಕು, ನಿಲ್ಲಿಸಿ" ಅನ್ನಲು ಆಗುವುದಿಲ್ಲ ಅಲ್ವಾ? ಹಾಗಾಗಿ ಕುರ್ಚಿಯಲ್ಲಿ ಕೂರುವ ಮೊದಲೇ ಎರಡು ಮಾತು ಹೇಳಿಬಿಡಿ. ಒಂದು, ನನಗೆ ತುಂಬಾ ಹೆದರಿಕೆ. ಇನ್ನೊಂದು, ನಾನು ಎಡಗೈ ಎತ್ತಿದರೆ ನೀವು ನಿಲ್ಲಿಸಬೇಕು. ಎಡಗೈ ಯಾಕೆಂದರೆ ಡಾಕ್ಟರು ಸಾಮಾನ್ಯವಾಗಿ ನಮ್ಮ ಬಲಗಡೆ ಕೂರುತ್ತಾರೆ. ಬಲಗೈ ಎತ್ತಿದರೆ ಅವರ ಕೈಗೇ ತಾಗೀತು. ಇದು ಅವರಿಗೇನೂ ಹೊಸತಲ್ಲ, ಎಷ್ಟೋ ಡಾಕ್ಟರು ತಾವಾಗಿಯೇ ಹೇಳುತ್ತಾರೆ. ನೋವಿಲ್ಲದಾಗಲೇ ಒಮ್ಮೆ ಸುಮ್ನೆ ಕೈ ಎತ್ತಿ ನೋಡಿ. ಅವರು ನಿಜವಾಗಿ ನಿಲ್ಲಿಸಿದರೆ ಅರ್ಧ ಕೆಲಸ ಆಯಿತು. ನಿಲ್ಲಿಸದಿದ್ದರೆ ಎದ್ದು ಬನ್ನಿ, ಊರಲ್ಲಿ ಬೇರೆ ಡಾಕ್ಟರಿದ್ದಾರೆ.

ಮೊದಲ ಸಲ ಹೋಗುವುದು ತೋರಿಸಲಿಕ್ಕೆ ಮಾತ್ರ. ಫೋನ್‌ನಲ್ಲೇ ಹೇಳಿ: ಇವತ್ತು ನೋಡುವುದು, ಬೇಕಾದರೆ ಎಕ್ಸ್‌ರೇ, ಅಷ್ಟೇ. ಬೆಳಿಗ್ಗೆಯ ಮೊದಲ ಅಪಾಯಿಂಟ್‌ಮೆಂಟ್ ಕೇಳಿ. ಬೇರೆಯವರ ಹಲ್ಲು ಕೊರೆಯುವ ಶಬ್ದ ಕೇಳುತ್ತಾ ಕಾಯುವುದು ತಪ್ಪುತ್ತದೆ. ಆ ಸಿಳ್ಳೆಯಂಥ ಶಬ್ದ ಬರುವುದು ಗಾಳಿಯ ಒತ್ತಡದಿಂದ ತಿರುಗುವ ಪುಟ್ಟ ಚಕ್ರದಿಂದ. ನಿಮಿಷಕ್ಕೆ ಲಕ್ಷಗಟ್ಟಲೆ ಸುತ್ತು ತಿರುಗುತ್ತದೆ. ಹಲ್ಲು ಬಿಸಿಯಾಗದ ಹಾಗೆ ಜೊತೆಗೆ ನೀರೂ ಚಿಮ್ಮುತ್ತದೆ. ಶಬ್ದ ಜೋರಾಯಿತು ಅಂತ ನೋವು ಜಾಸ್ತಿ ಆಗುವುದಿಲ್ಲ. ಆದರೂ ಆಗದಿದ್ದರೆ ಡಾಕ್ಟರನ್ನು ಕೇಳಿ ಇಯರ್‌ಫೋನ್ ಹಾಕಿಕೊಂಡು ಯಕ್ಷಗಾನ ಕೇಳಿ. ಚೆಂಡೆಯ ಮುಂದೆ ಆ ಮೆಷಿನ್ ಏನೂ ಅಲ್ಲ.

ಸೂಜಿಯ ಬಗ್ಗೆ ನೀವು ಕೇಳಿಲ್ಲ, ಆದರೆ ಮನಸ್ಸಿನಲ್ಲಿ ಇದ್ದೇ ಇರುತ್ತದೆ. ಈಗ ಹೆಚ್ಚಾಗಿ ಕೊಡುವುದು ಲಿಗ್ನೋಕೇನ್. 1940ರ ದಶಕದಲ್ಲಿ ಸ್ವೀಡನ್ನಿನಲ್ಲಿ ಕಂಡುಹಿಡಿದ, ಚುಚ್ಚಿದ ಜಾಗವನ್ನು ಮರಗಟ್ಟಿಸುವ ಮದ್ದು. ಬೇಕೆಂದರೆ ಮೊದಲು ವಸಡಿಗೆ ಮರಗಟ್ಟಿಸುವ ಜೆಲ್ ಹಚ್ಚುತ್ತಾರೆ ಅಥವಾ ಸ್ಪ್ರೇ ಹೊಡೆಯುತ್ತಾರೆ. ನನಗೆ ರೂಟ್ ಕೆನಾಲ್ ಮಾಡಿದ ಡಾಕ್ಟರು ಒಂದು ಕೈಯಿಂದ ಕೆನ್ನೆ ಹಿಡಿದು ಮೆಲ್ಲಗೆ ಅಲುಗಿಸುತ್ತಾ ಇದ್ದರು. ಯಾಕಪ್ಪಾ ಹೀಗೆ ಅಂತ ಯೋಚಿಸುವಷ್ಟರಲ್ಲಿ ಸೂಜಿ ಒಳಗೆ ಹೋಗಿ ಆಗಿತ್ತು. ಆಮೇಲೆ ಎದೆ ಡವಡವ ಅಂತು. ಮದ್ದಿನ ಪರಿಣಾಮ ಜಾಸ್ತಿ ಹೊತ್ತು ಇರಲಿ ಅಂತ ಅದಕ್ಕೆ ಚೂರು ಅಡ್ರಿನಲಿನ್ ಸೇರಿಸಿರುತ್ತಾರೆ, ಅದರ ಕೆಲಸ ಇದು. ಕೆಲವೇ ನಿಮಿಷದಲ್ಲಿ ತಣ್ಣಗಾಗುತ್ತದೆ. ಗೊತ್ತಿಲ್ಲದವರು ಮದ್ದು ಆಗಿಬರಲಿಲ್ಲ ಅಂತ ಗಾಬರಿಯಾಗುತ್ತಾರೆ. ಜಾಸ್ತಿ ಹೊತ್ತು ಇದ್ದರೆ ಮಾತ್ರ ಹೇಳಿ.

ತುಟಿ ಇಷ್ಟು ದಪ್ಪ ಆದ ಹಾಗೆ ಅನ್ನಿಸುತ್ತದೆ, ಕನ್ನಡಿಯಲ್ಲಿ ನೋಡಿದರೆ ಏನೂ ಆಗಿರುವುದಿಲ್ಲ. ಹಲ್ಲು ಕೀಳುವುದಾದರೆ ಒತ್ತುವುದು, ಎಳೆಯುವುದು ನಿಮಗೆ ಗೊತ್ತಾಗುತ್ತದೆ. ಚಟ್ ಅಂತ ಶಬ್ದವೂ ಬರಬಹುದು. ಅದನ್ನು ಮದ್ದು ಹಿಡಿಯಲಿಲ್ಲ ಅಂತ ಅಂದುಕೊಳ್ಳಬೇಡಿ. ಚುಚ್ಚುವ ನೋವು ಬಂದರೆ ಎಡಗೈ ಎತ್ತಿ. ಮರಗಟ್ಟುವಿಕೆ ಇಳಿಯಲು ಎರಡು ಮೂರು ಗಂಟೆ ಬೇಕು. ಅಲ್ಲಿಯವರೆಗೆ ಬಿಸಿ ಚಹಾ ಬೇಡ. ಕೆನ್ನೆ ಕಚ್ಚಿಕೊಂಡರೂ ಗೊತ್ತಾಗುವುದಿಲ್ಲ.

ಈಗ ನಿಮಗೆ ಇಷ್ಟವಾಗದ ಮಾತು. ಕೀವು ತುಂಬಿದ ಜಾಗದಲ್ಲಿ ಆಮ್ಲದ ಅಂಶ ಜಾಸ್ತಿ ಇರುತ್ತದೆ. ಅಲ್ಲಿ ಈ ಮದ್ದು ನರದೊಳಗೆ ಸರಿಯಾಗಿ ಇಳಿಯುವುದಿಲ್ಲ. ಹೆದರಿ ಹೆದರಿ ಮುಂದೆ ಹಾಕಿದವರು ಕೊನೆಗೆ ಮುಖ ಊದಿಸಿಕೊಂಡು ಬರುತ್ತಾರೆ. ಇಂಜೆಕ್ಷನ್ ಅರ್ಧಂಬರ್ಧ ಹಿಡಿಯುತ್ತದೆ, ನೋವಾಗುತ್ತದೆ. "ನಾನು ಹೇಳಿರಲಿಲ್ವಾ?" ಅಂತ ಊರಿಗೆಲ್ಲ ಹೇಳುತ್ತಾರೆ. ಆಗಲೂ ದಾರಿಯಿದೆ ಅನ್ನಿ. ಸ್ವಲ್ಪ ದೂರದಲ್ಲಿ ನರದ ಬುಡಕ್ಕೇ ಇಂಜೆಕ್ಷನ್ ಕೊಡಬಹುದು, ಕೀವು ತೆಗೆದು ಊತ ಇಳಿದ ಮೇಲೆ ಉಳಿದ ಕೆಲಸ ಮಾಡಬಹುದು. ಆದರೆ ಇವತ್ತು ಬರೀ ತೂತಾಗಿರುವ ಹಲ್ಲು ಇವತ್ತೇ ಸುಲಭ. ಜ್ವರ ಬಂದು ದವಡೆ ಊದಿದರೆ, ಬಾಯಿ ತೆರೆಯಲು ಅಥವಾ ನುಂಗಲು ಕಷ್ಟವಾದರೆ ಹೆದರಿಕೆ ಗಿದರಿಕೆ ಬದಿಗಿಟ್ಟು ಅದೇ ದಿನ ಆಸ್ಪತ್ರೆಗೆ ಹೋಗಿ. ಸೋಂಕು ಗಂಟಲಿಗೆ ಇಳಿದರೆ ಉಸಿರಿಗೇ ತೊಂದರೆ.

ಲವಂಗ ಕಚ್ಚುವುದು ತಪ್ಪಲ್ಲ. ಅದರಲ್ಲಿರುವ ಯುಜಿನಾಲ್ ಹಲ್ಲಿನ ಡಾಕ್ಟರೂ ಬಳಸುವ ವಸ್ತು. ಕ್ಲಿನಿಕ್‌ಗಳಲ್ಲಿ ಮೂಗಿಗೆ ಬಡಿಯುವ ವಾಸನೆ ಎಷ್ಟೋ ಸಲ ಅದರದ್ದೇ. ಆದರೆ ಲವಂಗ ತೂತು ಮುಚ್ಚುವುದಿಲ್ಲ. ಮೆಡಿಕಲ್‌ನ ನೋವಿನ ಮಾತ್ರೆ ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆ, ಕಿಡ್ನಿ ಎರಡೂ ಕೆಡಬಹುದು.

ಎಲ್ಲಿಗೆ ಹೋಗುವುದು? ನಮ್ಮ ಕರಾವಳಿಯವರಿಗೆ ಈ ವಿಷಯದಲ್ಲಿ ಬಡತನವಿಲ್ಲ. ಮಣಿಪಾಲದ ದಂತ ಕಾಲೇಜು 1965ರಿಂದ ಇದೆ. ಮಂಗಳೂರು ಕಡೆ ದೇರಳಕಟ್ಟೆಯಲ್ಲಿ ಎ.ಬಿ. ಶೆಟ್ಟಿ, ಯೆನೆಪೋಯ, ಕುಂಟಿಕಾನದಲ್ಲಿ ಎ.ಜೆ. ಇವೆ. ನಿಮಗೆ ಮಣಿಪಾಲವೇ ಹತ್ತಿರ, ಉಡುಪಿಯಲ್ಲಿ ಬಸ್ ಬದಲಿಸಿದರೆ ಆಯಿತು. ಕಾಲೇಜಿನಲ್ಲಿ ವಿದ್ಯಾರ್ಥಿಗಳು ಕೆಲಸ ಮಾಡುತ್ತಾರೆ, ಮೇಷ್ಟ್ರು ನೋಡುತ್ತಿರುತ್ತಾರೆ. ಖರ್ಚು ಸಾಮಾನ್ಯವಾಗಿ ಕಡಿಮೆ, ಹೊತ್ತು ಜಾಸ್ತಿ. ಒಂದೇ ಹಾಲ್‌ನಲ್ಲಿ ಸಾಲಾಗಿ ಕುರ್ಚಿಗಳಿರುತ್ತವೆ. ಪಕ್ಕದವರು ಆರಾಮಾಗಿ ಕೂತದ್ದು ನೋಡಿ ಕೆಲವರಿಗೆ ಧೈರ್ಯ ಬರುತ್ತದೆ, ಕೆಲವರಿಗೆ ಇದ್ದ ಧೈರ್ಯವೂ ಹೋಗುತ್ತದೆ. ನಿಮ್ಮ ಮಟ್ಟಿಗೆ ಮೊದಲ ಸಲ ಸಣ್ಣ ಕ್ಲಿನಿಕ್ಕೇ ವಾಸಿ ಅಂತ ನನ್ನ ಅಭಿಪ್ರಾಯ. ಏನು ಮಾಡಿದರೂ ಆಗದಿದ್ದರೆ ಮೂಗಿನಿಂದ ಎಳೆದುಕೊಳ್ಳುವ ನೈಟ್ರಸ್ ಆಕ್ಸೈಡ್ ಗ್ಯಾಸ್ ಕೆಲವು ಕಡೆ ಸಿಗುತ್ತದೆ. ಎಚ್ಚರ ಇರುತ್ತದೆ, ಮನಸ್ಸು ಹಗುರಾಗುತ್ತದೆ. ಫೋನ್ ಮಾಡಿ ವಿಚಾರಿಸಿ ಹೋಗಿ.

ಕಣ್ಣಿನ ಮಾತು ಸುಳ್ಳು. ಮೇಲಿನ ಹಲ್ಲಿನ ನರವೇ ಬೇರೆ, ನೋಟದ ನರವೇ ಬೇರೆ. ನಲವತ್ತು ದಾಟಿದವರಿಗೆ ಹಲ್ಲಿನ ತೊಂದರೆಯೂ ಕನ್ನಡಕವೂ ಹೆಚ್ಚುಕಡಿಮೆ ಒಟ್ಟಿಗೇ ಬರುತ್ತವೆ, ಅದರಿಂದ ಹುಟ್ಟಿದ ಕತೆ ಇರಬೇಕು.

ಎಲೆ ಅಡಿಕೆ ತಿನ್ನುವ ಅಭ್ಯಾಸವಿದ್ದರೆ ಡಾಕ್ಟರಿಗೆ ಹೇಳಿ, ಕೆನ್ನೆಯ ಒಳಗೆ ಬಿಳಿ ಮಚ್ಚೆ ಇದೆಯಾ ಅಂತಲೂ ನೋಡಲಿ. ಪೂರ್ತಿ ಮಂಪರು ಕೊಡುವುದಿಲ್ಲ ಅಂದಮೇಲೆ ಖಾಲಿ ಹೊಟ್ಟೆಯಲ್ಲಿ ಹೋಗುವ ಅಗತ್ಯವಿಲ್ಲ. ಎರಡು ನೀರುದೋಸೆ ತಿಂದು, ಹಲ್ಲುಜ್ಜಿ ಹೊರಡಿ. ಹಸಿವು, ಹೆದರಿಕೆ ಎರಡೂ ಸೇರಿದರೆ ತಲೆ ತಿರುಗುತ್ತದೆ. ಬಿಪಿ, ಶುಗರ್ ಮಾತ್ರೆ ಅಥವಾ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಚೀಟಿಯನ್ನು ಕಿಸೆಯಲ್ಲಿಟ್ಟುಕೊಂಡು ಹೋಗಿ ತೋರಿಸಿ. ನೀವಾಗಿ ಯಾವುದನ್ನೂ ನಿಲ್ಲಿಸಬೇಡಿ.

— ಸಂ.